ಡಿಸ್ಕ್ ಇಲ್ಲದ ಲ್ಯಾಬ್: ಕೊನೆಗೂ 24 ಮೆಷಿನ್ ಬೂಟ್ ಆದವು

ಮಡಿಕೇರಿಯ ಕಾಲೇಜು ಲ್ಯಾಬ್‌ನ ನಾಲ್ಕನೇ ತಲೆಮಾರಿನ ಐ3 ಪಿಸಿಗಳನ್ನು ಗುಜರಿಗೆ ಹಾಕುವುದು ತಪ್ಪಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ಇವುಗಳ ಪ್ರೊಸೆಸರ್ 11ರ ಪಟ್ಟಿಯಲ್ಲೇ ಇಲ್ಲ. ಹೊಸ ಪಿಸಿಗೆ ಕೊಟೇಶನ್ ತರಿಸುವ ಬದಲು ಎಲ್‌ಟಿಎಸ್‌ಪಿ ಹಾಕಿದೆವು: ಪಿಸಿಗಳು ತಮ್ಮ ಡಿಸ್ಕ್ ಬಿಟ್ಟು, ನೆಟ್‌ವರ್ಕ್ ಮೂಲಕ ಒಂದೇ ಸರ್ವರ್‌ನಿಂದ ಲಿನಕ್ಸ್ ಬೂಟ್ ಮಾಡುವ ವ್ಯವಸ್ಥೆ. ಡಿಎನ್‌ಎಸ್‌ಮಾಸ್ಕ್ (ಪಿಸಿಗೆ ವಿಳಾಸ, ಬೂಟ್ ಫೈಲ್ ಕೊಡುವ ತಂತ್ರಾಂಶ), ಎನ್‌ಎಫ್‌ಎಸ್ (ಸರ್ವರ್‌ನ ಫೈಲ್ ಹಂಚುವ ವಿಧಾನ), ಇಮೇಜ್ (ಎಲ್ಲ ಪಿಸಿ ಬಳಸುವ ಸಿಸ್ಟಂನ ಒಂದೇ ಪ್ರತಿ) ಕಟ್ಟುವುದು, ಇವುಗಳ ವಿವರ ಇಲ್ಲಿ ಬೇಡ, ಬಿಡಿ. ಉಳಿತಾಯ ಇರುವುದು ಹಾರ್ಡ್‌ವೇರ್‌ನಲ್ಲಿ ಕಮ್ಮಿ, ನಿರ್ವಹಣೆಯಲ್ಲಿ ಜಾಸ್ತಿ: ಒಂದು ಇಮೇಜ್ ಅಪ್‌ಡೇಟ್ ಮಾಡಿದರೆ ಇಡೀ ಲ್ಯಾಬ್ ಅಪ್‌ಡೇಟ್. ಹತ್ತಾರು ಲ್ಯಾಬ್ ಇರುವ ವಿಶ್ವವಿದ್ಯಾಲಯಕ್ಕೂ ಲೆಕ್ಕ ಇದೇ.

ತಲೆ ತಿಂದದ್ದು ನೆಟ್‌ವರ್ಕ್ ಬೂಟ್‌ನ ದೋಷ ಸಂದೇಶ ಪಿಎಕ್ಸ್‌ಇ-ಇ51, ಅಂದರೆ ಪಿಸಿಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರವೇ ಇಲ್ಲ. ಇ53 (ಬೂಟ್ ಫೈಲಿನ ಹೆಸರು ಸಿಗಲಿಲ್ಲ) ಬಂದಿದ್ದರೆ ಡಿಎನ್‌ಎಸ್‌ಮಾಸ್ಕ್ ಸಂರಚನೆ ಕೆದಕಬಹುದಿತ್ತು. ಇಲ್ಲಿ ಸರ್ವರ್‌ನಲ್ಲಿ ಟಿಸಿಪಿಡಂಪ್ (ನೆಟ್‌ವರ್ಕ್ ಸಂಚಾರ ತೋರಿಸುವ ಸಾಧನ) ಹಚ್ಚಿ ಡಿಎಚ್‌ಸಿಪಿಯ ಪೋರ್ಟ್ 67 ನೋಡಿದರೆ, ಪಿಸಿ ವಿಳಾಸ ಕೇಳುವ ಡಿಸ್ಕವರ್ ಪ್ಯಾಕೆಟ್ ತಲುಪುವುದೇ ಇಲ್ಲ. ಎರಡನೇ ಸಲ ರೀಸ್ಟಾರ್ಟ್ ಮಾಡಿದರೆ ಕೆಲವು ಮೆಷಿನ್ ಸರಾಗ ಏಳುತ್ತವೆ, ಅದು ಇನ್ನೂ ದಾರಿ ತಪ್ಪಿಸುವ ಸಂಗತಿ.

ಗುಟ್ಟು ಬಿಚ್ಚಿದ್ದು ಐದು ಪೋರ್ಟಿನ ಅಗ್ಗದ ಸ್ವಿಚ್. ಪಿಸಿಗೂ ಮ್ಯಾನೇಜ್ಡ್ (ಸಂರಚಿಸಬಹುದಾದ) ಸ್ವಿಚ್‌ಗೂ ನಡುವೆ ಅದನ್ನಿಟ್ಟರೆ ತಕ್ಷಣ ಬೂಟ್! ಪಿಸಿ ಆಫ್ ಆದರೂ ಅಗ್ಗದ ಸ್ವಿಚ್ ಲಿಂಕನ್ನು ಎದ್ದೇ ಇರಿಸುತ್ತದೆ. ಅಂದರೆ ತಪ್ಪು ಸ್ಪ್ಯಾನಿಂಗ್ ಟ್ರೀಯದ್ದು, ಅದು ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ಮ್ಯಾನೇಜ್ಡ್ ಸ್ವಿಚ್ ಮಾಡುವ ತಪಾಸಣೆ. ಲಿಂಕ್ ಎದ್ದ ಕೂಡಲೇ ಪೋರ್ಟ್ 15 ಸೆಕೆಂಡ್ ಲಿಸನಿಂಗ್, 15 ಸೆಕೆಂಡ್ ಲರ್ನಿಂಗ್ ಎಂದು ಕೂರುತ್ತದೆ. ಪ್ಯಾಕೆಟ್ ಕೇರಳ ಗಡಿಯ ಕುಟ್ಟ ಚೆಕ್‌ಪೋಸ್ಟ್‌ನಲ್ಲಿ ನಿಂತ ಲಾರಿಯಂತೆ. ಅಷ್ಟರಲ್ಲಿ ಹಳೇ ಬೂಟ್ ರೋಮ್ (ನೆಟ್‌ವರ್ಕ್ ಕಾರ್ಡಿನ ಬೂಟ್ ತಂತ್ರಾಂಶ) ಕೈಚೆಲ್ಲಿರುತ್ತದೆ. ಲಿನಕ್ಸ್ ಕರ್ನಲ್‌ನ ನೆಟ್‌ವರ್ಕ್ ಡ್ರೈವರ್ ಲೋಡ್ ಆಗುವಾಗ ಲಿಂಕ್ ಮತ್ತೆ ಬಿದ್ದೆದ್ದರೆ ಎಣಿಕೆ ಮೊದಲಿಂದ ಶುರು. ಸ್ಪ್ಯಾನಿಂಗ್ ಟ್ರೀಯ ವೇಗದ ಆವೃತ್ತಿ ಆರ್‌ಎಸ್‌ಟಿಪಿಗೆ ಬದಲಾಯಿಸಿದರೂ ಸಾಲದು: ಪಿಸಿ ಸ್ವಿಚ್‌ನ ಮಾತಿಗೆ ಓಗೊಡುವುದಿಲ್ಲ, ಹಾಗಾಗಿ ಆ 30 ಸೆಕೆಂಡ್ ಉಳಿದೇ ಉಳಿಯುತ್ತದೆ.

ಮದ್ದು: ಪಿಸಿ ಕೂರುವ ಪೋರ್ಟ್‌ಗಳಿಗೆ ಮಾತ್ರ ಆ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ (ಕೆಲವು ಸ್ವಿಚ್‌ಗಳಲ್ಲಿ ಎಡ್ಜ್ ಪೋರ್ಟ್), ಜೊತೆಗೆ ಸ್ಪ್ಯಾನಿಂಗ್ ಟ್ರೀ ಸಂದೇಶ ಬಂದರೆ ಪೋರ್ಟ್ ಮುಚ್ಚುವ ಬಿಪಿಡಿಯು ಗಾರ್ಡ್. ಬೇರೆ ಸ್ವಿಚ್‌ಗೆ ಹೋಗುವ ಅಪ್‌ಲಿಂಕ್‌ಗೆ ಪೋರ್ಟ್‌ಫಾಸ್ಟ್ ಹಾಕಲೇಬೇಡಿ, ಲೂಪ್ ಆದರೆ ಇಡೀ ಬ್ಲಾಕ್ ಮಲಗುತ್ತದೆ. ಸಂರಚನೆ ಸೇವ್ ಮಾಡಿ. ನಮ್ಮ ಮಳೆಗಾಲದ ಕರೆಂಟು ಸೇವ್ ಆಗದ್ದನ್ನು ಉಳಿಸುವುದಿಲ್ಲ. ಮದರ್‌ಬೋರ್ಡಿನ ಸಿಆರ್2032 ಸೆಲ್‌ಗಳನ್ನೂ ಬದಲಿಸಿ, ಸತ್ತ ಸೆಲ್ ಇದ್ದರೆ ಕರೆಂಟು ಹೋಗಿ ಬಂದಾಗ ಬೂಟ್ ಕ್ರಮ ಹಾರ್ಡ್ ಡಿಸ್ಕ್‌ಗೆ ವಾಪಸ್.

ಸಪ್ಲೈಯರ್ ಮಹಾಶಯರ ಕೃಪೆ ಬೇರೆ. 'ಗಿಗಾಬಿಟ್' ಎಂದು ಬಂದ ಸ್ವಿಚ್‌ನಲ್ಲಿ ಗಿಗಾಬಿಟ್ ಇದ್ದದ್ದು ಎರಡು ಅಪ್‌ಲಿಂಕ್‌ಗೆ, ಉಳಿದ 24 ಪೋರ್ಟ್ 100 ಎಂಬಿಪಿಎಸ್. ಸರ್ವರನ್ನು ಗಿಗಾಬಿಟ್ ಪೋರ್ಟ್‌ಗೆ ಕೊಟ್ಟು ಸದ್ಯಕ್ಕೆ ನಿಭಾಯಿಸಿದೆ. ಒಟ್ಟಿಗೆ ಆನ್ ಮಾಡಿದರೆ ಬೂಟ್ ನಿಧಾನ, ಆಮೇಲೆ ತೊಂದರೆ ಇಲ್ಲ.

ಅಂದಹಾಗೆ, ಹಳೇ ನುಡಿ ಫಾಂಟಿನ ಪ್ರಶ್ನೆಪತ್ರಿಕೆಗಳು ಲಿಬ್ರೆಆಫೀಸ್‌ನಲ್ಲಿ ಲ್ಯಾಟಿನ್ ಕಸವಾಗಿ ತೆರೆಯುತ್ತಿವೆ. ಅವನ್ನೆಲ್ಲ ಒಟ್ಟಿಗೆ ಯುನಿಕೋಡ್‌ಗೆ ತಿರುಗಿಸುವ ಸ್ಕ್ರಿಪ್ಟ್ ಬರೆಯಬೇಕು. ನುಡಿಯಲ್ಲಿ ಅಕ್ಷರದ ನಂತರ ಬರುವ ಅರ್ಕಾವತ್ತನ್ನು ಯುನಿಕೋಡ್‌ನಲ್ಲಿ ಅಕ್ಷರಕ್ಕಿಂತ ಮೊದಲು ಬರುವಂತೆ ಮಾಡುವುದೇ ಅಲ್ಲಿನ ಕಷ್ಟ. ಅದಕ್ಕೂ ಮೊದಲು, ಏಪ್ರಿಲ್ ಗುಡುಗು ಶುರುವಾಗುವ ಮುಂಚೆ, ಎರಡು ಬ್ಲಾಕ್ ನಡುವಿನ ಸಿಡಿಲಿನ ವಿದ್ಯುತ್ ಹರಿಸುವ ತಾಮ್ರದ ಕೇಬಲ್ ಕಿತ್ತು ಫೈಬರ್ ಎಳೆಯಬೇಕು.