ಗವಿಮಠದ ಬಂಡೆಯಿಂದ ಕಂದಹಾರಕ್ಕೆ

ಕೊಪ್ಪಳದ ಗವಿಮಠದ ಅಶೋಕ ಶಾಸನವನ್ನು ಬಾಲ್ಯದಿಂದ ನೋಡುತ್ತ ಬೆಳೆದ ನನಗೆ, ಅದೇ ದೊರೆಯ ಮಾತು ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿ ದೊರೆತ ಅಫ್ಘಾನಿಸ್ತಾನದ ಕಂದಹಾರವನ್ನು ಕಾಣುವ ಹಂಬಲವಿತ್ತು. ಕಳೆದ ಚಳಿಗಾಲದಲ್ಲಿ ಅದು ಈಡೇರಿತು.

1738ರಲ್ಲಿ ಪರ್ಷಿಯಾದ ದೊರೆ ನಾದಿರ್ ಷಾ ಕೆಡವಿದ ಹಳೆಯ ನಗರದ ಮಣ್ಣಿನ ಗೋಡೆಗಳ ನಡುವೆ, 1979ರಿಂದ ಹಲವು ಯುದ್ಧಗಳನ್ನು ಕಂಡ ಆ ನೆಲದಲ್ಲಿ, ನೆಲಬಾಂಬಿನ ಭಯದಿಂದ ನಾನು ಜನ ತುಳಿದ ಹಾದಿಯನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅಲ್ಲಿ 1958ರಲ್ಲಿ ಬೆಳಕಿಗೆ ಬಂದ ಶಾಸನವು ‘ಧರ್ಮ’ವನ್ನು ಗ್ರೀಕಿನಲ್ಲಿ ‘ಯೂಸೆಬಿಯಾ’ ಎನ್ನುತ್ತದೆ. ಅರಸನ ಬೇಟೆಗಾರರೂ ಬೆಸ್ತರೂ ಬೇಟೆಯನ್ನು ತೊರೆದರೆಂದೂ ಹೇಳುತ್ತದೆ. ಪಾಳುಗೋಡೆಯ ನೆರಳಿನಲ್ಲಿ ನಿಂತು ಆ ಸಾಲನ್ನು ನೆನೆದಾಗ ನನಗೆ ಗಂಟಲು ಬಿಗಿಯಿತು.

ಊರಿಗೆ ಮರಳಿದ ಮರುದಿನವೇ ಅವ್ವನನ್ನು ಕರೆದುಕೊಂಡು ಗವಿಮಠದ ಗುಡ್ಡವನ್ನೇರಿದೆ.