ಸೊನ್ನೆ ಮತ್ತು ನಾಲ್ಕು

ರಾತ್ರಿ ಪಾಳಿ. ಟ್ಯಾಂಕಿನ ಲೆವೆಲ್ ಸ್ಕ್ರೀನ್ ಮೇಲೆ ಆಗಾಗ ಕುಸಿದು ಮತ್ತೆ ಏರುತ್ತಿತ್ತು. ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರಿನ, ಅಂದರೆ ಪಿಎಲ್‌ಸಿಯ, ಕಾರ್ಡೇ ಹೋಗಿದೆ ಅಂದರು. ನನಗೆ ಯಾಕೋ ಒಪ್ಪಿಗೆಯಾಗಲಿಲ್ಲ. ಟ್ಯಾಂಕಿನ ಲೆವೆಲ್ಲನ್ನು ಕರೆಂಟಿನ ರೂಪದಲ್ಲಿ ತರುವ ತಂತಿಯ ಲೂಪ್‌ನಲ್ಲಿ ಮೀಟರ್ ಹಾಕಿ ಕಾದೆ. 12 ಮಿಲಿಆಂಪ್ ಇದ್ದದ್ದು, ಪಕ್ಕದ ಪಂಪ್ ಶುರುವಾದಾಗಲೆಲ್ಲ ಸೊನ್ನೆ! ಜಂಕ್ಷನ್ ಬಾಕ್ಸ್‌ನ ಒಂದು ಟರ್ಮಿನಲ್ ಸ್ಕ್ರೂ ಅದುರಿ ಅದುರಿ ಸಡಿಲವಾಗಿತ್ತು. ಬಿಗಿ ಮಾಡಿದೆ, ಅಷ್ಟೇ.

ಈ 4ರಿಂದ 20 ಮಿಲಿಆಂಪ್ ಸಿಗ್ನಲ್ ಕಂಡರೆ ನನಗೆ ಬಲು ಪ್ರೀತಿ. ಟ್ಯಾಂಕ್ ಪೂರ್ತಿ ಖಾಲಿಯಿದ್ದರೂ 4 ಹರಿಯುತ್ತಲೇ ಇರುತ್ತದೆ. ಸೊನ್ನೆ ಬಂತೆಂದರೆ ಅದು ಖಾಲಿಯಲ್ಲ, ಎಲ್ಲೋ ಸಂಪರ್ಕ ತಪ್ಪಿದೆ. ‘ಏನೂ ಇಲ್ಲ’ ಅನ್ನುವುದೇ ಬೇರೆ, ದನಿಯೇ ಬಾರದಿರುವುದೇ ಬೇರೆ.

ಬಹಳ ದಿನದಿಂದ ಸುದ್ದಿಯಿಲ್ಲದ ಗೆಳೆಯನೊಬ್ಬ ನೆನಪಾದ. ಪಾಳಿ ಮುಗಿಸಿ ಮೊದಲು ಅವನಿಗೆ ಫೋನ್ ಮಾಡಿದೆ.