ನೋಟಿನ ಹಿಂಬದಿ

ಅಕ್ಟೋಬರ್ 6, 2024, ಭಾನುವಾರ

ಮಧ್ಯಾಹ್ನವೆಲ್ಲ ಅಪ್ಪನ ಹಳೇ ನೋಟುಗಳ ಆಲ್ಬಮ್ ನೋಡುತ್ತಾ ಕೂತಿದ್ದೆ. ಎರಡು ರೂಪಾಯಿ ನೋಟಿನ ಹಿಂದೆ ಆರ್ಯಭಟ ಉಪಗ್ರಹ ಇದೆ. ನಮ್ಮ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ್ದು. 1975ರ ಏಪ್ರಿಲ್‌ನಲ್ಲಿ ಸೋವಿಯತ್ ನೆಲದಿಂದ ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಕೈಕೊಟ್ಟು ಪ್ರಯೋಗಗಳು ನಿಂತುಹೋದವು. ಆದರೂ ನೋಟಿನ ಮೇಲೆ ಹಾಕಿದರು. ಮೊದಲ ಸಲ ಮಾಡಿ ನೋಡಿದ್ದೇ ದೊಡ್ಡದು ಅಂತ ಅವತ್ತಿನ ದೇಶಕ್ಕೆ ಅನಿಸಿತ್ತು, ಅಲ್ವಾ? ನನಗೆ ಆ ಧೈರ್ಯ ತುಂಬಾ ಇಷ್ಟ.

ಐದರ ನೋಟಿನಲ್ಲಿ ಟ್ರ್ಯಾಕ್ಟರ್ ಮೇಲೆ ರೈತ. ನೂರರಲ್ಲಿ ಹಿರಾಕುಡ್ ಅಣೆಕಟ್ಟು. ಅದರ ನೀರಿನಲ್ಲಿ ಮುಳುಗಿದ ಊರುಗಳು ಮಾತ್ರ ಯಾವ ನೋಟಿಗೂ ಬರಲಿಲ್ಲ. ಏನನ್ನು ನೆನಪಿಡಬೇಕು ಅಂತ ಆರಿಸುವಾಗಲೇ ಏನನ್ನು ಬಿಡಬೇಕು ಅನ್ನುವುದೂ ತೀರ್ಮಾನವಾಗಿರುತ್ತದೆ.

ಗಾಂಧೀಜಿ ಮೊದಲಿನಿಂದಲೂ ನೋಟಿನಲ್ಲಿದ್ದರು ಅಂದುಕೊಂಡವರು ಜಾಸ್ತಿ. ಸ್ವಾತಂತ್ರ್ಯ ಬಂದಾಗ ರಾಜನ ಮುಖ ತೆಗೆದು ಗಾಂಧೀಜಿಯನ್ನು ಹಾಕುವ ಯೋಚನೆ ಇತ್ತು, ವಿನ್ಯಾಸವೂ ತಯಾರಾಗಿತ್ತು. ಕೊನೆಗೆ ಆರಿಸಿದ್ದು ಸಾರನಾಥದ ಸಿಂಹಗಳನ್ನು. ಗಾಂಧೀಜಿ ಬಂದದ್ದು 1969ರಲ್ಲಿ, ಅವರ ಜನ್ಮಶತಮಾನೋತ್ಸವಕ್ಕೆ. ಸೇವಾಗ್ರಾಮದ ಮುಂದೆ ಕೂತ ಚಿತ್ರ. ಎಲ್ಲ ನೋಟುಗಳಲ್ಲೂ ಅವರೇ ಕಾಣತೊಡಗಿದ್ದು 1996ರ ಸರಣಿಯಿಂದ.

ಈಗಿನ ನೋಟುಗಳನ್ನು ತಿರುಗಿಸಿದರೆ ಕೋಣಾರ್ಕ, ಎಲ್ಲೋರ, ಹಂಪಿ, ರಾಣಿ ಕೀ ವಾವ್, ಸಾಂಚಿ, ಕೆಂಪುಕೋಟೆ. 2017ರಲ್ಲಿ ಐವತ್ತರ ನೋಟಿನಲ್ಲಿ ನಮ್ಮ ಕಲ್ಲಿನ ರಥ ಕಂಡಾಗ ಎದೆ ಉಬ್ಬಿತ್ತು, ಈಗಲೂ ಉಬ್ಬುತ್ತದೆ. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ. ಆಮೇಲೆ ಅದನ್ನು ತೆಗೆದುಬಿಟ್ಟರು. ಹಂಪಿಗೆ ಹೋಗದವರ ಮನಸ್ಸಿನಲ್ಲೂ ಗೋಪುರವಿಲ್ಲದ ಈ ರಥವೇ ಕೂತಿದೆ.

ಆದರೆ ಆಲ್ಬಮ್ಮಿನ ಪಕ್ಕ ಇವನ್ನು ಜೋಡಿಸಿಟ್ಟಾಗ ಒಂದು ಕೊರತೆ ಕಂಡಿತು. ಈ ನೋಟುಗಳ ಹಿಂಬದಿಯಲ್ಲಿ ಜನರೇ ಇಲ್ಲ. ಇಂದು ದುಡಿಯುತ್ತಿರುವ ದೇಶವೂ ಇಲ್ಲ. ಎರಡು ಸಾವಿರದ ನೋಟಿನಲ್ಲಿ ಮಂಗಳಯಾನ ಇತ್ತು, 2023ರಲ್ಲಿ ಅದನ್ನು ವಾಪಸ್ ಪಡೆದರು. ಹಳೇ ಐನೂರರಲ್ಲಿ ದಂಡಿ ಯಾತ್ರೆ ಇತ್ತು. ಗಾಂಧೀಜಿಯ ಹಿಂದೆ ಸಾಲಾಗಿ ಜನ ನಡೆಯುತ್ತಿದ್ದರು. 2016ರ ನವೆಂಬರ್‌ನಲ್ಲಿ ಅದೂ ಹೋಯಿತು.

ಅರಮನೆ, ಗುಡಿ, ಕೋಟೆ ಕಟ್ಟಿಸಿದವರ ನೆನಪು ಇರಲಿ, ಬೇಡ ಅನ್ನುವುದಿಲ್ಲ. ಮುಂದಿನ ಸರಣಿಯಲ್ಲಿ ಒಂದು ನೋಟಿನಲ್ಲಾದರೂ ಕೆಲಸ ಮಾಡುವವರು ಬರಬೇಕು. ನನ್ನನ್ನು ಕೇಳಿದರೆ, ನಾಟಿ ಮಾಡುವ ಹೆಂಗಸರ ಸಾಲನ್ನು ಹಾಕಿ ಅನ್ನುತ್ತೇನೆ. ಅದೂ ಜಾಸ್ತಿ ಕೈ ಬದಲಾಗುವ ಹತ್ತರ ನೋಟಿನಲ್ಲಿ.